ಬುಗುರಿ ಬೀಳುವವರೆಗೆ

ಲಿಂಗರಾಜಪುರದ ಮೇಲ್ಸೇತುವೆ ಪಕ್ಕ, ಸೈಕಲ್ ಅಂಗಡಿಯ ಮೇಲೆ
ನನ್ನವು ಆರು ಸ್ಕ್ರೀನು. ಗಂಟೆಗೆ ನಲವತ್ತು.
ಕುರ್ಚಿಯ ರೆಕ್ಸಿನ್ನು ಹರಿದಲ್ಲೆಲ್ಲ ಟೇಪು.

ಮಧ್ಯಾಹ್ನ ಮೂರಕ್ಕೆ, ಆರ್ಡರು ಕಮ್ಮಿಯಿರುವಾಗ
ಮುನಿಚಂದ್ರ ಬರುತ್ತಾನೆ. ಬೆನ್ನಿನ ಚೌಕದ ಚೀಲ
ಬಾಗಿಲಿಗೊರಗಿಸಿ ನಾಲ್ಕನೇ ಸ್ಕ್ರೀನಿಗೆ ಕೂರುತ್ತಾನೆ.

ಅವನ ಆಟದಲ್ಲೊಂದು ಬುಗುರಿ. ಕಂಚಿನದು.
ಏನಾದರೂ ನಡೆದುಹೋದ ಜಾಗದಲ್ಲಿ ತಿರುಗಿಸಿದರೆ
ನಡೆದದ್ದು ಮತ್ತೆ ನಡೆಯುತ್ತದೆ:
ಸತ್ತ ಸುಂಕದವನು ಎದ್ದು ಮೀಸೆ ಒರೆಸುತ್ತಾನೆ,
ಸುಟ್ಟ ಚಾವಡಿಯ ಹೆಂಚು ಒಂದೊಂದಾಗಿ ಸೂರಿಗೆ ಮರಳುತ್ತದೆ.
ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ,
ನಡುವೆ ಓಡಾಡಬಹುದು, ಬುಗುರಿ ಬೀಳುವವರೆಗೆ.

ಉಳಿದ ಹುಡುಗರು ಕೊಲೆಗಾರನನ್ನು ಹಿಡಿದು
ಮುಂದಿನ ಹಂತಕ್ಕೆ ಹೋಗಿ ಎಷ್ಟೋ ವಾರವಾಯಿತು.
ಇವನು ಸಾಕ್ಷಿಯನ್ನು ಅಲ್ಲೇ ಬಿಟ್ಟು
ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಾನೆ.
ಅಲ್ಲೊಬ್ಬಳು ಅವರೆಕಾಯಿ ಸುಲಿಯುತ್ತಾಳೆ. ಕಥೆಗೆ ಬೇಡದವಳು.
ಯಾರೂ ಹೋಗದ ಕೋಣೆಗೂ ಯಾರೋ
ಒಬ್ಬಳನ್ನು ಕೂರಿಸಿ, ಕೈಗೆ ಕೆಲಸ ಕೊಟ್ಟಿದ್ದಾರೆ.

"ಏನಪ್ಪಾ ಸಿಗುತ್ತೆ ಅಲ್ಲಿ?" ಅಂದೆ.
"ಏನಿಲ್ಲ ಅಕ್ಕ. ಹೀರೋ ಆಚೆ ಹೋದ ಮೇಲೂ
ಈಯಮ್ಮ ಸುಲೀತಾನೇ ಇರ್ತಾಳೆ."

ಅವತ್ತಿಂದ ನನಗೆ ನಿದ್ದೆ ಸರಿಯಿಲ್ಲ.

ಹಲಸೂರಿನ ಮನೆ. ಅಮ್ಮ ಹೋದ ಮೂವತ್ತನೇ ದಿನ,
ಬಲಿಪೂಜೆ ಮುಗಿಸಿ ಬಂದವರೇ
ಗ್ರೈಂಡರು ಯಾರಿಗೆ ಅಂತ ಜಗಳ, ನಾನೂ ಸಿಸಿಲಿಯಾಳೂ.
ಬರೀ ಗ್ರೈಂಡರು!
ಆಡಬಾರದ್ದು ಆಡಿ, ಬಾಗಿಲು ಬಡಿದು ಬಂದೆ.
ಮೆಟ್ಟಿಲ ಮೇಲಿರುವಾಗ ಒಳಗೆ ಗ್ರೈಂಡರ್ ಶುರುವಾದ ಸದ್ದು.

ಅಳು ಕೇಳಿಸದಿರಲೆಂದು ಹಾಕಿದಳೋ,
ಅಕ್ಕಿ ನೆನೆದಿತ್ತು ಅಂತ ಹಾಕಿದಳೋ.

ಇಪ್ಪತ್ತೆರಡು ವರ್ಷ.
ನನ್ನ ನೆನಪಿಗೆ ಹಿತ್ತಲ ಬಾಗಿಲಿಲ್ಲ.
ಎಷ್ಟು ಸಲ ತಿರುಗಿಸಿದರೂ ನಾನು ಮೆಟ್ಟಿಲ ಮೇಲೇ ಇರುತ್ತೇನೆ,
ಒಂದು ಚಪ್ಪಲಿ ಮೆಟ್ಟಿಕೊಂಡು, ಇನ್ನೊಂದನ್ನು ಹುಡುಕುತ್ತ.

ನಿನ್ನೆ ಮೂರೂಕಾಲಿಗೆ ಕರೆಂಟು ಹೋಯಿತು.
ಆರೂ ಸ್ಕ್ರೀನು ಕಪ್ಪು. ಹುಡುಗರು ಬೈದುಕೊಂಡು ಇಳಿದರು.
ಮುನಿಚಂದ್ರ ಕೈ ಹಾಗೇ ಹಿಡಿದು ಕೂತಿದ್ದ.
"ಬುಗುರಿ ಇನ್ನೂ ಬಿದ್ದಿರಲಿಲ್ಲ ಅಕ್ಕ."

ಕೆಳಗೆ ಸೈಕಲ್ ಅಂಗಡಿಯವನು
ಯಾರದೋ ಹಿಂದಿನ ಚಕ್ರ ಎತ್ತಿ ಜೋರಾಗಿ ತಿರುಗಿಸಿ
ಬಳುಕು ನೋಡುತ್ತಿದ್ದ.
ಕತ್ತಲಲ್ಲಿ ನಾವಿಬ್ಬರೂ ಅದನ್ನೇ ಕೇಳುತ್ತ ಕೂತೆವು.
ನಿಲ್ಲುವ ಮೊದಲೇ ಅವನ ಫೋನು ಕೂಗಿತು.