ಆರನೇ ಪಟ್ಟಿ

ಡಂಡೀ. ನವೆಂಬರ್. ಮೂರೂವರೆಗೇ ದೀಪ ಹಚ್ಚಬೇಕು.
ಟೇ ನದಿಯ ಗಾಳಿ ಕಿಟಕಿಯ ಸಂದಿಯಲ್ಲಿ ನುಸುಳಿ
ಪ್ರಯೋಗಾಲಯದ ಮೇಜಿನ ಕಾಗದಗಳನ್ನು ಎತ್ತೆತ್ತಿ ನೋಡುತ್ತದೆ.

ಕೈನೇಸ್ ಅಂದರೇನೇ ಎಂದು ತಂಗಿ ಫೋನಿನಲ್ಲಿ ಕೇಳಿದಾಗ
ಗದಗಿನ ನೀಲಗಂಗವ್ವ ಅತ್ತೆ ನೆನಪಾದಳು:
ಮದುವೆಗೆ ಮುಂಚೆ ಕುಂಕುಮದ ಬಟ್ಟಲು ಹಿಡಿದು ಹೊರಟರೆ
ಹಣೆಗೊಂದು ಬೊಟ್ಟು, 'ಏಳ್ರೀ, ಬರ್ರಿ',
ಬೊಟ್ಟು ಬಿದ್ದ ಮನೆ ಎದ್ದು ನಿಲ್ಲುತ್ತಿತ್ತು.
ಅದೇ ಕೆಲಸ. ಕುಂಕುಮವಲ್ಲ, ಒಂದು ಚಿಟಿಕೆ ಫಾಸ್ಫೇಟು.
ಇಟ್ಟರೆ ಪ್ರೋಟೀನು ಏಳುತ್ತದೆ, ಎದ್ದದ್ದು ಇನ್ನೊಂದನ್ನು ಎಬ್ಬಿಸುತ್ತದೆ,
ಕೊನೆಯ ಮನೆಯಲ್ಲಿ ಒಂದು ಜೀವಕೋಶ ಎರಡಾಗುತ್ತದೆ.
ಒರೆಸುವವರೂ ಇದ್ದಾರೆ, ಹಿಂದೆಯೇ, ಒದ್ದೆ ಬಟ್ಟೆ ಹಿಡಿದು.

'ಮತ್ತೆ ಕ್ಯಾನ್ಸರು?'
ಮದುವೆ ಮುಗಿದು, ಎಲೆ ಎತ್ತಿ, ಚಪ್ಪರ ಬಿಚ್ಚಿದ ಮೇಲೂ
ಅತ್ತೆ ಬಾಗಿಲು ಬಡಿಯುತ್ತಲೇ ಇದ್ದಾಳೆ ಅಂದುಕೋ.
ಯಾರಿಗೂ ಕೆಡುಕು ಬಯಸಿದವಳಲ್ಲ.
ನಿಲ್ಲಲು ಬರುತ್ತಿಲ್ಲ.

ಬಸ್ಸಿನಲ್ಲಿ ಪಕ್ಕ ಕೂರುವ ಇಶ್ಬೆಲ್ ಲೋರಿಮರ್
ಹದಿನೈದಕ್ಕೇ ಸೆಣಬಿನ ಗಿರಣಿಯಲ್ಲಿ ನೂಲು ತೆಗೆದವಳು.
ಗದ್ದಲಕ್ಕೆ ಕಿವಿ ಹೋಗಿ, ತುಟಿ ನೋಡಿ ಮಾತು ಓದುತ್ತಾಳೆ;
ನಾನು ಮಫ್ಲರ್ ಇಳಿಸಿದರೇ ನಮ್ಮಿಬ್ಬರಿಗೆ ಮಾತು.
ಅವಳ ರಕ್ತದಲ್ಲಿ ಎರಡು ಕ್ರೋಮೋಸೋಮು
ತುಂಡು ಅದಲುಬದಲು ಮಾಡಿಕೊಂಡು
ಒಂದು ಕೈನೇಸಿಗೆ ನಿಲ್ಲುವುದು ಮರೆತು ಹನ್ನೊಂದು ವರ್ಷ.
ದಿನಕ್ಕೊಂದು ಮಾತ್ರೆ. ಏಳು ಖಾನೆಯ ಡಬ್ಬಿ,
ಮಂಗಳವಾರದ ಮುಚ್ಚಳ ಮುರಿದಿದೆ.
'ಯಂತ್ರ ನಿಲ್ಲಿಸಬೇಕಾದರೆ ಪಟ್ಟಾ ಜಾರಿಸಬೇಕು, ಹುಡುಗಿ,
ಕೈ ಹಾಕಬಾರದು' ಎಂದು
ಎಡಗೈ ಬಿಚ್ಚಿ ತೋರಿಸಿದಳು.
ನಾಲ್ಕೇ.

ನಿನ್ನೆ ರಾತ್ರಿ ಕತ್ತಲ ಕೋಣೆಯಲ್ಲಿ ಫಿಲ್ಮು ಎತ್ತಿ ಹಿಡಿದೆ.
ಮದ್ದು ತಾಗಿದ ಐದು ಪಟ್ಟಿ ಖಾಲಿ, ಒರೆಸಿದ ಹಣೆಗಳಂತೆ
(ಈ ಒಂದು ಕಡೆ ಮಾತ್ರ ಅದು ಶುಭ).
ಆರನೆಯದರಲ್ಲಿ ತೆಳ್ಳಗೊಂದು ಬೂದು ಗೆರೆ.
ಎಲ್ಲೋ ಒಂದಕ್ಷರ ತಪ್ಪಿದೆ; ಮಾತ್ರೆ ಕೂರುತ್ತಿದ್ದ ಮೂಲೆಗೆ
ಯಾರೋ ದಪ್ಪ ಪೆಟ್ಟಿಗೆ ತಂದಿಟ್ಟಿದ್ದಾರೆ.
ಬಾಗಿಲು ಮತ್ತೆ ಬಡಿಯತೊಡಗಿದೆ.
ಕೊಳವೆಯ ಮೇಲೆ ಹೆಸರಿಲ್ಲ. ನಾಲ್ಕು, ಸೊನ್ನೆ, ಏಳು, ಒಂದು.
ಯಾರದೆಂದು ಕೇಳುವುದು ನಮ್ಮ ನಿಯಮದಲ್ಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಮಫ್ಲರ್ ಇಳಿಸದೆ ಕೂತೆ.
ಅವಳು ಎರಡು ನಿಲ್ದಾಣ ಕಾದಳು.
ಆಮೇಲೆ ಕಣ್ಣನ್ನೇ ಓದತೊಡಗಿದಳು.