ಕರ್ಚೀಪಿನಷ್ಟು ನೆರಳು

ಹಳೇ ಮರ ಬಿದ್ದದ್ದು ಮಳೆಗಲ್ಲ, ಗಾಳಿಗಲ್ಲ,
ಚರಂಡಿ ಕೆಲಸದ ಜೆಸಿಬಿಗೆ.
ಬೇರು ಕತ್ತರಿಸಿ ಮಣ್ಣು ಮುಚ್ಚಿ ಹೋದರು.
ಮೂರು ತಿಂಗಳು ಏನೂ ಆಗದ ಹಾಗೆ ನಿಂತಿತ್ತು,
ಆಮೇಲೊಂದು ಭಾನುವಾರ, ಯಾರಿಗೂ ತೊಂದರೆ ಕೊಡದೆ,
ಖಾಲಿ ಸೈಟಿನ ಕಡೆ ಒರಗಿಕೊಂಡಿತು.

ಸೋಮವಾರ ನನ್ನ ಇಸ್ತ್ರಿ ಗಾಡಿ ಬಿಸಿಲಿಗೆ ಬಂತು.
ಕೈಕೆಳಗೆ ಕೆಂಡ, ನೆತ್ತಿ ಮೇಲೆ ಮಾರ್ಚ್ ತಿಂಗಳು,
ನಡುವೆ ನಾನು, ಎರಡೂ ಕಡೆ ಬೇಯುವ ರೊಟ್ಟಿ.
ಹದಿನಾಲ್ಕನೇ ನಂಬರಿನವರ ಬಿಳಿ ಅಂಗಿ ಮೇಲೆ
ಬೆವರು ತೊಟ್ಟಿಕ್ಕಿತು.
ನೀರು ಚಿಮುಕಿಸಿದಂತೆ ಮಾಡಿ ತೀಡಿಬಿಟ್ಟೆ.
ಅವರಿಗೆ ಹೇಳಬೇಡಿ.

ಸಿದ್ದಾಪುರದ ನರ್ಸರಿಯಲ್ಲಿ ವಜೀರ್ ಸಾಬರು
ಸೀರೆ ಅಂಗಡಿಯವರ ಹಾಗೆ ಕೇಳಿದರು,
ಯಾವ ಥರದ್ದು ತೋರಿಸಲಿ ಪಿಳ್ಳಮ್ಮ?
ಬೇಗ ಬರೋದು, ಅಂದೆ.
ಎಷ್ಟು ಬೇಗ?
ನನಗೆ ಐವತ್ತೊಂಬತ್ತು, ಅಂದೆ.

ಅವರು ನಗಲಿಲ್ಲ. ಬೆರಳು ಮಡಿಸುತ್ತ ಹೋದರು.
ಮಳೆಮರಕ್ಕೆ ನಿಮ್ಮ ರಸ್ತೆ ಸಾಲದು,
ಕಾಂಪೌಂಡು ಎತ್ತಿ ಪಕ್ಕಕ್ಕಿಡುತ್ತೆ.
ಗುಲ್‌ಮೊಹರ್ ಬೇಗ ಬರುತ್ತೆ, ಸರಿ,
ಬಿಸಿಲು ಏರೋ ಹೊತ್ತಿಗೇ ಎಲೆ ಉದುರಿಸಿ ಕೂರುತ್ತೆ,
ಹೂವಿನ ಕೆಳಗೆ ಇಸ್ತ್ರಿ ಹಾಕೋಕಾಗುತ್ತಾ?
ಹೊಂಗೆ...
ಅಂತ ಸ್ವಲ್ಪ ತಡೆದರು.
ಹೊಂಗೆಯದು ನಿಜವಾದ ನೆರಳು. ಆದರೆ ಆರೇಳು ವರ್ಷ ಕಾಯಿಸುತ್ತೆ.
ಗಸಗಸೆ ಹಣ್ಣಿನ ಮರ ತಗೊಂಡುಹೋಗಿ.
ಎರಡೇ ವರ್ಷ, ಚಪ್ಪರದ ಹಾಗೆ ಅಡ್ಡಡ್ಡ ಚಾಚುತ್ತೆ.
ದೋಷ ಏನು ಸಾಬರೇ?
ರೆಂಬೆ ಲಟಕ್ಕಂತ ಮುರಿಯುತ್ತೆ. ಬಾವಲಿ ಬರುತ್ತೆ.

ಎರಡನ್ನೂ ತಂದೆ. ಆಟೋದವನು ಗಿಡಗಳಿಗೂ ಚಾರ್ಜು ಕೇಳಿದ.

ಫುಟ್‌ಪಾತ್ ಅಗೆದರೆ ಸಿಕ್ಕಿದ್ದು
ಇಟ್ಟಿಗೆ ಚೂರು, ಹಾಲಿನ ಪ್ಯಾಕೆಟ್ಟು, ಯಾರದೋ ಕೇಬಲ್ಲು,
ಗೊಂಬೆಯ ಒಂದು ಕೈ.
ಅದರ ಕೆಳಗೆ ಕೆಂಪು ಮಣ್ಣು ಇನ್ನೂ ಇತ್ತು,
ಇಲ್ಲಿ ಲೇಔಟ್ ಆಗಿದ್ದು ಯಾರೂ ಅದಕ್ಕೆ ಹೇಳಿರಲಿಲ್ಲ.
ಐದು ಮೊಳ ಅಂತರದಲ್ಲಿ ಎರಡೂ ನೆಟ್ಟೆ.
ಪೆಟ್ಟಿಗೆಯ ಬೂದಿ ಚಿಟಿಕೆ, ಚೊಂಬಿನಲ್ಲುಳಿದ ನೀರು.
ಊರುಗೋಲಿಗೆ ಕಟ್ಟಿದ್ದು ಹಳೇ ಸೀರೆಯ ಅಂಚಿನಿಂದ;
ತಂತಿ ಬೆಳೆಯುವುದನ್ನು ಒಪ್ಪುವುದಿಲ್ಲ.

ಮೊದಲು ಬಂತು ಕರ್ಚೀಪಿನಷ್ಟು ನೆರಳು,
ಬಲಗೈ ಮಾತ್ರ ಒಳಗಿಟ್ಟುಕೊಂಡೆ.
ದೀಪಾವಳಿಗೆ ರವಿಕೆ ಕಣದಷ್ಟು.
ಮರುವರ್ಷ ಯುಗಾದಿಗೆ ಟವೆಲ್ಲು.
ಅದರ ಮುಂದಿನ ಬೇಸಿಗೆಗೆ ಡಬಲ್ ಪಂಚೆ,
ಅಲ್ಲಲ್ಲಿ ತೂತು, ಅಂಚಿಲ್ಲ,
ಆದರೂ ಗಾಡಿ ಪೂರ್ತಿ ಒಳಗೆ.
ಹದಿನಾಲ್ಕನೇ ನಂಬರಿನ ಮೇಡಂ ದಿನಾ ಬೈದರು,
ಕಾರಿನ ಮೇಲೆ ಬಾವಲಿ ಹಿಕ್ಕೆ, ಅಂಟು ಹಣ್ಣು.
ಅವರ ಮೊಮ್ಮಗ ಕೊಂಬೆಯ ಮೇಲೆ,
ಬಾಯೆಲ್ಲ ಕೆಂಪು. ನಾನು ತಲೆ ಎತ್ತಲಿಲ್ಲ.

ಹೊಂಗೆಯೋ,
ಕಾಫಿ ಬೇಡ ಅಂದು ಬಾಗಿಲಲ್ಲೇ ನಿಂತ ನೆಂಟರ ಹಾಗೆ
ಮೊಳದುದ್ದ ನಿಂತಿತ್ತು. ಮರೆತೇಬಿಟ್ಟೆ.

ಐದನೇ ವರ್ಷ, ಮೇ ಗಾಳಿಗೆ,
ಗಸಗಸೆಯ ದೊಡ್ಡ ರೆಂಬೆ ಮುರಿದು ಟಾರ್ಪಾಲು ಹರಿಯಿತು.
ಬೆಳಿಗ್ಗೆ ಎಲೆ ಎಳೆದು ಹಾಕುತ್ತಿದ್ದಾಗ ಕಂಡೆ:
ನನಗಿಂತ ಗೇಣು ಎತ್ತರ ಹೊಂಗೆ,
ಪ್ರತಿ ಎಲೆಯೂ ಈಗಷ್ಟೇ ಇಸ್ತ್ರಿ ಹಾಕಿದಂತೆ ಹೊಳೆಯುತ್ತ.
ಆ ಒಂದು ಕಿಂಡಿಯ ಬಿಸಿಲಿಗೇ ಕುತ್ತಿಗೆ ಚಾಚಿತ್ತು.

ಬೆಸ್ಕಾಂ ಹುಡುಗ ವೈರಿಗೆ ತಾಗುವ ಕೊಂಬೆ ಸವರಲು ಬಂದ.
ಆ ಕಡೆ ಅಷ್ಟೇ ಅಲ್ಲಪ್ಪ, ಈ ಕಡೆಯೂ ಕಡಿ, ಅಂದೆ.
ಮಚ್ಚು ಎತ್ತಿದವನು ಹಾಗೇ ನನ್ನ ಮುಖ ನೋಡಿದ.
ಐದು ವರ್ಷ ಅವನನ್ನು ಬೈದು ಓಡಿಸಿದವಳು ನಾನೇ.

ಈಗ ಮಧ್ಯಾಹ್ನ ಎರಡು ಗಂಟೆ ಮತ್ತೆ ಬಿಸಿಲು.
ನನಗೆ ಅರವತ್ನಾಲ್ಕು.
ಹೊಂಗೆಯ ಬುಡದಲ್ಲಿ ಕರ್ಚೀಪಿನಷ್ಟು ನೆರಳು ಬಿದ್ದಿದೆ,
ಅದರಲ್ಲೂ ಬೀದಿಯ ಕರಿನಾಯಿ ಬಂದು ಮಲಗಿದೆ.