ಅರ್ಧ ಅಂಗುಲ

ಕೆಂಟಿಷ್ ಟೌನಿನಲ್ಲಿ ಮೂರನೇ ಮಹಡಿ, ಬಾಡಿಗೆ ಉಡುಪಿನ ಕೋಠಿ.
ರಾಜರು ಬಲಗೋಡೆಗೆ, ಪಾದ್ರಿಗಳು ಕಿಟಕಿಯ ಪಕ್ಕ,
ಪೊಲೀಸರು ಹಿಂದೆ ಗುಂಪಾಗಿ, ನುಸಿಗುಳಿಗೆಯ ವಾಸನೆಯಲ್ಲಿ.
ಕತ್ತರಿ ಹಿಡಿದು ನನಗಿಲ್ಲಿ ನಲವತ್ತೊಂದು ವರ್ಷ.
ಮುಖ ನೆನಪಿರುವುದಿಲ್ಲ. ಸುತ್ತಳತೆ ಇರುತ್ತದೆ.

ಟ್ಯಾಟರ್ಸಲ್, ರೋಲಂಡ್. ಊರು ಓಲ್ಡಮ್.
ಮೊದಲ ಕಾರ್ಡು ಅರವತ್ತಮೂರು, ನವೆಂಬರ್:
ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೆಂಟು.
ಪಾತ್ರ, ಎರಡನೇ ಸೈನಿಕ.
ಮೊದಲನೆಯವನಿಗೆ ಮಾತಿತ್ತು. ಇವನಿಗೆ ಕೆಸರು.
ಷರಾ ಎಂಬಲ್ಲಿ ಪೆನ್ಸಿಲಿನ ನನ್ನ ಅಕ್ಷರ:
ಎಡಭುಜ ಅರ್ಧ ಅಂಗುಲ ತಗ್ಗು.

‘ಪೇಪರ್ ಹಾಕುತ್ತಿದ್ದೆ’ ಅಂದ, ‘ಏಳು ವರ್ಷ.
ಭಾನುವಾರದ ಪೇಪರು ಅಂದರೆ ಕಲ್ಲು.’
ಹತ್ತಿಯ ಪುಟ್ಟ ದಿಂಬು, ಬೆರಳುದ್ದದ್ದು,
ಕೋಟಿನ ಒಳಗಿಟ್ಟು ಹೊಲಿದೆ.
‘ಇನ್ನು ನೀನು ನೆಟ್ಟಗಿನ ಮನುಷ್ಯ.’
ನಕ್ಕ. ಹಲ್ಲು ಆಗಿನ್ನೂ ಅವನವೇ.

ಅರವತ್ತೊಂಬತ್ತರಲ್ಲಿ ಹೀರೋ.
ಒಂದೇ ಸಲ. ವಿಟ್ಬಿಯ ಕಡಲಂಚಿನಲ್ಲಿ ಆರು ವಾರ.
ಅವನಿಗೆಂದೇ ಹೊಸ ಬಟ್ಟೆಗೆ ಕತ್ತರಿಯಿಟ್ಟದ್ದೂ ಅದೊಂದೇ ಸಲ:
ಬೂದು ಸೂಟು, ಒಳಗೆ ಕಡುಗೆಂಪು ಅಸ್ತರು.
ಚಿತ್ರ ಲೆಸ್ಟರ್ ಸ್ಕ್ವೇರಿನಲ್ಲಿ ಒಂಬತ್ತು ದಿನ ಓಡಿತು,
ಹತ್ತನೆಯ ದಿನ ನಡೆಯಲೂ ಇಲ್ಲ.
ಸೂಟು ಕೋಠಿ ಸೇರಿ, ವಾರಕ್ಕಿಷ್ಟು ಎಂದು ಬಾಡಿಗೆಗೆ ಹೋಗಿ
ಎಷ್ಟು ಮದುಮಕ್ಕಳ, ಎಷ್ಟು ಕಳ್ಳಸಾಕ್ಷಿಗಳ ಮೈ ಮುಚ್ಚಿತೋ.

ಆಮೇಲೆ ಟಿವಿ. ಹನ್ನೊಂದು ವರ್ಷ ಸಾರ್ಜೆಂಟ್.
ಮಂಗಳವಾರ ರಾತ್ರಿ ಎಂಟಕ್ಕೆ ದೇಶವೆಲ್ಲ
ಅವನನ್ನು ಎದುರಿಗೆ ಕೂರಿಸಿಕೊಂಡು ಉಂಡಿತು.
ಬೆಲ್ಟಿನ ತೂತು ಮೂರರಿಂದ ಐದಕ್ಕೆ, ಐದರಿಂದ
ನಾನೇ ಮೊಳೆ ಹೊಡೆದು ಕೊರೆದ ಏಳಕ್ಕೆ.
ಮಾಂಸದಂಗಡಿಯಲ್ಲಿ ಒಬ್ಬಾಕೆ ತಡೆದು ನಿಲ್ಲಿಸಿ
ಕಳುವಾದ ಸೈಕಲ್ಲಿನ ದೂರು ಕೊಟ್ಟಳಂತೆ.
‘ಬಣ್ಣ ಕೇಳಿ ಬರೆದುಕೊಂಡೆ’ ಅಂದ. ‘ಪಾಪ, ಹಸಿರು.’

ಬರೆಯುವವರು ಒಂದು ದಿನ
ಸಾರ್ಜೆಂಟನನ್ನು ಮೆಟ್ಟಿಲಿಂದ ಬೀಳಿಸಿದರು.
ಏಜೆಂಟನ ಊಟಗಳು ಚಹಾಕ್ಕಿಳಿದವು,
ಚಹಾ ಕ್ರಿಸ್‌ಮಸ್ ಕಾರ್ಡಿಗೆ.
ಎರಡು ಚಳಿಗಾಲ ಕ್ರಾಯ್ಡನ್ನಿನಲ್ಲಿ ಕಾರ್ಪೆಟ್ ಮಾರಿದ.
ಗಿರಾಕಿಗಳು ಸೆಲ್ಯೂಟ್ ಹೊಡೆದು ರಿಯಾಯಿತಿ ಕೇಳುತ್ತಿದ್ದರು.

ಕೊನೆಕೊನೆಗೆ ಹೆಣ.
ಒಂದೇ ವರ್ಷ ನಾಲ್ಕು ಸಲ ಸತ್ತ:
ಗ್ರಂಥಾಲಯದಲ್ಲಿ, ದೋಣಿಯಲ್ಲಿ, ಬಿಷಪ್ಪನ ಬಾವಿಯಲ್ಲಿ,
ಮತ್ತೆ ಗ್ರಂಥಾಲಯದಲ್ಲಿ.
ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದ:
ಉಸಿರು ಬಿಗಿಹಿಡಿಯಬೇಡ, ಗಂಟಲ ನರ ಚಾಡಿ ಹೇಳುತ್ತದೆ.
ಹೊಟ್ಟೆಯ ತಳದಿಂದ ಒಂಚೂರು ಎಳೆದುಕೋ.
ರೆಪ್ಪೆಯೊಳಗೆ ಗೊತ್ತಿರುವ ಒಂದು ಬೀದಿ ಹಿಡಿದು
ಮನೆ ಮನೆ ದಾಟುತ್ತಾ ಹೋಗು.

ಅವನದು ಯಾವ ಬೀದಿ, ನಾನು ಕೇಳಲಿಲ್ಲ.
ಹೆಣಕ್ಕೆ ದಿಂಬು ಯಾಕೆ, ಮಲಗಿದರೆ ಭುಜ ಎರಡೂ ಸಮ ಅಂದೆ.
‘ಇರಲಿ ಬಿಡು’ ಅಂದ. ‘ಅಭ್ಯಾಸ.’

ಈ ಏಪ್ರಿಲ್‌ನಲ್ಲಿ ಮಾರೀನ್ ಬಂದಳು, ಅವನ ಹೆಂಡತಿ.
‘ಆ ಬೂದು ಸೂಟು ಇದೆಯಾ? ಬಾಡಿಗೆ ಕೊಡುತ್ತೇನೆ’ ಎಂದು
ತಾನೇ ನಾಲಿಗೆ ಕಚ್ಚಿಕೊಂಡಳು.
ಸೊಂಟ ಎಷ್ಟು ಎನ್ನಲು ನನಗೆ ಬಾಯಿ ಬರಲಿಲ್ಲ.
ಅವಳೇ ಹೇಳಿದಳು. ಇಪ್ಪತ್ತೊಂಬತ್ತು, ಅಷ್ಟೇ ಉಳಿದಿದ್ದ.

ಲೆಡ್ಜರಿನಲ್ಲಿ ‘ಕಳೆದುಹೋಗಿದೆ’ ಎಂದು ಬರೆದು ಸೂಟು ಇಳಿಸಿದೆ.
ಕಾಲರಿನೊಳಗೆ ಪಟ್ಟಿಯ ಮೇಲೆ ಪಟ್ಟಿ,
ತೊಟ್ಟವರ ಹೆಸರು ಹದಿನಾರು. ಬಿಚ್ಚುತ್ತಾ ಹೋದೆ.
ಎಲ್ಲಕ್ಕಿಂತ ಕೆಳಗೆ ಅವನು, ನನ್ನದೇ ಶಾಯಿಯಲ್ಲಿ.

ಎಡಭುಜದ ಹೊಲಿಗೆಗೆ ಬ್ಲೇಡು ಹಾಕಿದೆ.
ಬೈಯುವುದಾದರೆ ಬೈಯಲಿ.
ಹತ್ತಿ ಹಳದಿಯಾಗಿ, ಒಣರೊಟ್ಟಿಯ ಹಾಗೆ ಗಟ್ಟಿಯಾಗಿತ್ತು.
ಈಗ ನನ್ನ ಮೇಜಿನ ಮೇಲಿದೆ.
ಸೂಜಿ ಚುಚ್ಚಿಡಲಿಕ್ಕೆ ಚೆನ್ನಾಗಿದೆ.